ಮೆಹ್ರೌಲಿಯ ಕಂಬ, ಯಸುಗಿಯ ಕುಲುಮೆ

ಕುತುಬ್ ಮಿನಾರಿನ ಆವರಣಕ್ಕೆ ಕಾಲಿಟ್ಟವರೆಲ್ಲ ಮೊದಲು ಕತ್ತೆತ್ತಿ ನಿಲ್ಲುತ್ತಾರೆ. 72.5 ಮೀಟರ್ ಎತ್ತರದ ಕೆಂಪು ಗೋಪುರ ಎದುರಿಗಿದ್ದರೆ ಬೇರೇನು ಮಾಡಲಾದೀತು? ಫೋಟೋ ಹೊಡೆಸಿಕೊಳ್ಳುತ್ತಾರೆ, ನೆರಳು ಹುಡುಕುತ್ತಾರೆ, ನೀರಿನ ಬಾಟಲಿ ತೆರೆಯುತ್ತಾರೆ. ಹೊರಡುವ ಹೊತ್ತಿಗೆ ಮನೆಯ ಹಿರಿಯರು ಯಾರಾದರೂ, ‘ಇಲ್ಲೇ ಎಲ್ಲೋ ತುಕ್ಕು ಹಿಡಿಯದ ಕಂಬ ಇದೆಯಂತಲ್ಲ’ ಎಂದು ನೆನಪಿಸುತ್ತಾರೆ. ಆಗ ಎಲ್ಲರೂ ಮಸೀದಿಯ ಅಂಗಳಕ್ಕೆ ತಿರುಗುತ್ತಾರೆ. ಕಂಬದ ಮುಂದೆ ಇನ್ನೊಂದು ಫೋಟೋ ಆಗುತ್ತದೆ, ಮುಂದಿನ ಜಾಗಕ್ಕೆ ಆಟೋ ಸಿಗುತ್ತದೆ.

ನನ್ನ ಸಲಹೆ ತಿರುವುಮುರುವು. ಬೆಳಗ್ಗೆ ಬಾಗಿಲು ತೆರೆಯುತ್ತಲೇ ಒಳಗೆ ಹೋಗಿ. ಮಿನಾರನ್ನು ಬದಿಗೆ ಬಿಟ್ಟು ನೇರ ಕುವ್ವತ್-ಉಲ್-ಇಸ್ಲಾಂ ಮಸೀದಿಯ ಅಂಗಳಕ್ಕೆ ನಡೆಯಿರಿ. ಸುತ್ತಲಿನ ಮೊಗಸಾಲೆಯ ಕಂಬಗಳಲ್ಲಿ ಗಂಟೆ, ಸರಪಳಿ, ಪೂರ್ಣಕುಂಭಗಳು ಕಾಣುತ್ತವೆ. ಇಪ್ಪತ್ತೇಳು ದೇವಾಲಯಗಳ ಕಲ್ಲುಗಳನ್ನು ಬಳಸಿ ಕಟ್ಟಿದ ಮಸೀದಿ ಇದು ಎಂದು ಬಾಗಿಲ ಮೇಲಿನ ಪಾರಸಿ ಶಾಸನವೇ ಹೇಳುತ್ತದೆ. ಅಂಗಳದ ನಡುವೆ, ಕಬ್ಬಿಣದ ಬೇಲಿಯೊಳಗೆ, ಕಂಬ ನಿಂತಿದೆ. ಫೆಬ್ರವರಿ ಕೊನೆಯ ದಿಲ್ಲಿಯ ಬಿಸಿಲು ಇನ್ನೂ ಹಿತವಾಗಿರುತ್ತದೆ. ಆ ಓರೆ ಬೆಳಕಿನಲ್ಲಿ ಕಂಬದ ಬಣ್ಣ ಒಂದೇ ಅಲ್ಲ ಎಂಬುದು ಸ್ಪಷ್ಟವಾಗುತ್ತದೆ: ಮೇಲೆ ಹೊಗೆ ಹಿಡಿದಂಥ ಕಪ್ಪು, ನಡುವೆ ಕಂದು, ಮನುಷ್ಯರ ಕೈ ತಾಕುತ್ತಿದ್ದ ಎತ್ತರದಲ್ಲಿ ಹಳೆಯ ಹಿತ್ತಾಳೆಯಂಥ ಹೊಳಪು.

ಹೊಳಪಿಗೆ ಕಾರಣ ನಮ್ಮ ಹಿಂದಿನವರು. ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಕೈಗಳನ್ನು ಹಿಂದಕ್ಕೆ ಬಳಸಿ, ಬೆರಳಿಗೆ ಬೆರಳು ತಾಕಿಸಿದರೆ ಅದೃಷ್ಟ ಖುಲಾಯಿಸುತ್ತದೆ ಎಂಬ ನಂಬಿಕೆಯಿತ್ತು. ಹಳೆಯ ಆಲ್ಬಮ್ಮುಗಳಲ್ಲಿ ಅಜ್ಜಂದಿರು ಹೀಗೆ ತಬ್ಬಿ ನಿಂತ ಚಿತ್ರಗಳಿವೆ. ಲಕ್ಷಾಂತರ ಜನರ ಬೆವರು, ಎಣ್ಣೆ, ಉಜ್ಜಾಟ ಎಲ್ಲ ಸೇರಿ ಅಷ್ಟು ಭಾಗದ ಪೊರೆ ಸವೆಯತೊಡಗಿತು. 1997ರಲ್ಲಿ ಬೇಲಿ ಬಂತು. ಅದೃಷ್ಟ ಪರೀಕ್ಷೆ ನಿಂತಿತು.

ಕಂಬದ ಒಟ್ಟು ಉದ್ದ 7.21 ಮೀಟರ್, ತೂಕ ಆರು ಟನ್ನಿಗೂ ಹೆಚ್ಚು. ವಾಸುಕಿಯ ಹೆಡೆಯವರೆಗೆ ಇಳಿದಿದೆ ಎಂಬ ಕಥೆಯನ್ನು ಗೈಡುಗಳು ಇಂದಿಗೂ ಹೇಳುತ್ತಾರೆ. 1871ರಲ್ಲಿ ಅಗೆದು ನೋಡಿದಾಗ ಅದರ ಬುಡ ಮೀಟರಿಗೆ ಸ್ವಲ್ಪ ಹೆಚ್ಚು ಆಳದಲ್ಲಿ ಸಿಕ್ಕಿತು: ಗೆಡ್ಡೆಯಂತೆ ಉಬ್ಬಿದ ತುದಿ, ಅದರಡಿ ಸೀಸದಿಂದ ಬೆಸೆದ ಕಬ್ಬಿಣದ ಸರಳುಗಳ ಚೌಕಟ್ಟು. ವಾಸುಕಿಗೆ ಏನೂ ಪೆಟ್ಟಾಗಿರಲಿಲ್ಲ.

ಪಶ್ಚಿಮದ ಕಡೆಗೆ ಬಂದು ತಲೆಯೆತ್ತರಕ್ಕಿಂತ ತುಸು ಮೇಲೆ ನೋಡಿದರೆ ಆರು ಸಾಲಿನ ಬ್ರಾಹ್ಮಿ ಬರಹವಿದೆ. ಸಂಸ್ಕೃತದ ಮೂರು ಶ್ಲೋಕಗಳು. ಚಂದ್ರ ಎಂಬ ರಾಜ ವಂಗದಲ್ಲಿ ಶತ್ರುಗಳನ್ನು ಗೆದ್ದದ್ದು, ಸಿಂಧುವಿನ ಏಳು ಮುಖಗಳನ್ನು ದಾಟಿ ವಾಹ್ಲೀಕರನ್ನು ಸೋಲಿಸಿದ್ದು, ವಿಷ್ಣುಪದ ಎಂಬ ಬೆಟ್ಟದ ಮೇಲೆ ವಿಷ್ಣುವಿನ ಈ ಧ್ವಜಸ್ತಂಭ ನಿಲ್ಲಿಸಿದ್ದು ಅದರ ಸಾರ. ಈ ಚಂದ್ರ ಗುಪ್ತವಂಶದ ಎರಡನೆಯ ಚಂದ್ರಗುಪ್ತ ಎಂಬುದನ್ನು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಹಾಗಾದರೆ ಕಂಬಕ್ಕೆ ಈಗ ಸುಮಾರು 1,600 ವರ್ಷ. ಬೆಟ್ಟ ಯಾವುದು ಎಂಬ ಬಗ್ಗೆ ಚರ್ಚೆ ಮುಗಿದಿಲ್ಲ. ವಿದಿಶೆಯ ಬಳಿಯ ಉದಯಗಿರಿ ಎಂದು ಗಟ್ಟಿಯಾಗಿ ವಾದಿಸಿದವರು ಕಾನ್ಪುರ ಐಐಟಿಯ ಲೋಹವಿಜ್ಞಾನಿ ಆರ್. ಬಾಲಸುಬ್ರಮಣ್ಯಂ. ಎಲ್ಲಿಂದಲೋ ಯಾರೋ ಕಿತ್ತು ತಂದು ದಿಲ್ಲಿಯಲ್ಲಿ ನೆಟ್ಟಿದ್ದಂತೂ ನಿಜ. ತೋಮರ ಅರಸ ಅನಂಗಪಾಲನ ಹೆಸರಿನ, ವಿಕ್ರಮ ಸಂವತ್ 1109ರ, ಅಂದರೆ ಕ್ರಿ.ಶ. 1052ರ ಸಣ್ಣ ಬರಹವೂ ಇದೇ ಕಂಬದ ಮೇಲಿದೆ.

ಇನ್ನೂ ಮೇಲೆ, ಸುಮಾರು ನಾಲ್ಕು ಮೀಟರ್ ಎತ್ತರದಲ್ಲಿ, ಒಂದು ತಗ್ಗು ಕಾಣುತ್ತದೆ. ತೀರಾ ಹತ್ತಿರದಿಂದ ಹಾರಿಸಿದ ಫಿರಂಗಿ ಗುಂಡಿನ ಗುರುತು ಅದು. 1739ರಲ್ಲಿ ದಿಲ್ಲಿಯನ್ನು ಸೂರೆ ಮಾಡಿದ ನಾದಿರ್ ಶಾಹನ ಕೆಲಸ ಎನ್ನುತ್ತಾರೆ. ಕಂಬ ತಗ್ಗಾಯಿತೇ ಹೊರತು ಮುರಿಯಲಿಲ್ಲ. ಎರಡನೇ ಗುಂಡು ಹಾರಿದ ಗುರುತು ಎಲ್ಲೂ ಇಲ್ಲ.

ಇಷ್ಟನ್ನು ಯಾವ ಗೈಡಾದರೂ ಹೇಳುತ್ತಾನೆ. ಇದನ್ನು ಹೇಗೆ ಮಾಡಿದರು ಎಂದು ಕೇಳಿದರೆ ಮಾತ್ರ ‘ಅದು ಈಗಲೂ ರಹಸ್ಯ ಸಾರ್’ ಎನ್ನುತ್ತಾನೆ. ರಹಸ್ಯವೇನೂ ಅಲ್ಲ. ಹೇಳುವವರು ಅಲ್ಲಿ ಇಲ್ಲ, ಅಷ್ಟೇ.

ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಮಣ್ಣಿನ ಕುಲುಮೆ, ಚರ್ಮದ ತಿದಿ, ಇದ್ದಿಲು ಇವಿಷ್ಟರಿಂದ ಆ ಕಾವು ಹುಟ್ಟುವುದಿಲ್ಲ. ಆದ್ದರಿಂದ ಈ ಕಂಬವನ್ನು ಅಚ್ಚಿಗೆ ಎರಕ ಹೊಯ್ದಿಲ್ಲ. ಅದಿರನ್ನೂ ಇದ್ದಿಲನ್ನೂ ಪದರ ಪದರವಾಗಿ ತುಂಬಿ ಉರಿಸಿದಾಗ ಕಿಟ್ಟ ಕರಗಿ ಕೆಳಗೆ ಹರಿಯುತ್ತದೆ, ಕಬ್ಬಿಣ ತೂತುತೂತಾದ ಮುದ್ದೆಯಾಗಿ ಒಳಗೆ ಉಳಿಯುತ್ತದೆ. ಆ ಮುದ್ದೆಯನ್ನು ಕೆಂಪಗಿರುವಾಗಲೇ ಎಳೆದು ಬಡಿದರೆ ಉಳಿದ ಕಿಟ್ಟವೂ ಚಿಮ್ಮಿ ಹೊರಗೆ ಬರುತ್ತದೆ. ಇಪ್ಪತ್ತು ಮೂವತ್ತು ಕಿಲೋ ತೂಕದ ಇಂಥ ಮುದ್ದೆಗಳನ್ನು ಒಂದಕ್ಕೊಂದು ಕಾಸಿ, ಬಡಿದು, ಬೆಸೆದು ಕಂಬ ಬೆಳೆಸಿದರು ಎಂದು ಬಾಲಸುಬ್ರಮಣ್ಯಂ ತೋರಿಸಿಕೊಟ್ಟರು. ಆರು ಟನ್ನಿಗೆ ಇನ್ನೂರಕ್ಕೂ ಹೆಚ್ಚು ಮುದ್ದೆ ಬೇಕು. ಎಷ್ಟು ಕುಲುಮೆಗಳು ಒಟ್ಟಿಗೆ ಉರಿದಿರಬೇಕು, ಎಷ್ಟು ಸುತ್ತಿಗೆಗಳು ಒಂದೇ ತಾಳದಲ್ಲಿ ಬಿದ್ದಿರಬೇಕು! ಕಂಬದ ಮೈ ಕೈಯಿಂದ ತಟ್ಟಿದ ರೊಟ್ಟಿಯ ಹಾಗೆ ಅಲ್ಲಲ್ಲಿ ಉಬ್ಬುತಗ್ಗಾಗಿರುವುದು ಇದಕ್ಕೇ.

ಇನ್ನು ತುಕ್ಕಿನ ಮಾತು. 1912ರಲ್ಲಿ ಇಂಗ್ಲೆಂಡಿನ ಲೋಹತಜ್ಞ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಬದ ಒಂದು ಚೂರನ್ನು ಪರೀಕ್ಷಿಸಿದಾಗ ಕಬ್ಬಿಣ ಶೇ. 99.72 ಇತ್ತು. ಅದರ ಜೊತೆ ಶೇ. 0.114ರಷ್ಟು ರಂಜಕ. ಇಂದಿನ ಕಾರ್ಖಾನೆಯ ಉಕ್ಕಿನಲ್ಲಿ ರಂಜಕ ಇಷ್ಟಿದ್ದರೆ ಗಿರಾಕಿ ಹಿಂದಕ್ಕೆ ಕಳಿಸುತ್ತಾನೆ. ಈಗ ಸುಣ್ಣ ಬೆರೆಸುವುದರಿಂದ ರಂಜಕ ಕಿಟ್ಟದ ಜೊತೆ ಹೊರಟುಹೋಗುತ್ತದೆ. ನಮ್ಮ ಹಳೆಯ ಕಮ್ಮಾರರು ಸುಣ್ಣ ಹಾಕುತ್ತಿರಲಿಲ್ಲ, ರಂಜಕ ಕಬ್ಬಿಣದಲ್ಲೇ ಉಳಿಯುತ್ತಿತ್ತು. ಆ ರಂಜಕದ ನೆರವಿನಿಂದ ಕಂಬದ ಮೈಮೇಲೆ ತೆಳ್ಳನೆಯ, ಬಿಗಿಯಾದ ಪೊರೆ ಕಟ್ಟುತ್ತದೆ. ಮಳೆಗೆ ನೆನೆದು ಬಿಸಿಲಿಗೆ ಒಣಗಿದ ಪ್ರತಿ ಸಲವೂ ಪೊರೆ ಇನ್ನಷ್ಟು ಗಟ್ಟಿಯಾಗುತ್ತದೆ. 1,600 ವರ್ಷಗಳಲ್ಲಿ ಅದು ಬೆಳೆದಿರುವುದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು. ತುಕ್ಕು ಹಿಡಿಯದ ಕಂಬ ಎನ್ನುವುದು ಪೂರ್ತಿ ಸರಿಯಲ್ಲ. ತನ್ನ ತುಕ್ಕನ್ನೇ ಹೊದ್ದುಕೊಂಡು ಬದುಕಿದ ಕಂಬ ಇದು.

ದಿಲ್ಲಿಯ ಒಣಹವೆಯೇ ಕಾರಣ ಎನ್ನುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಹವೆಯ ಪಾಲೂ ಇದೆ. ಆದರೆ ಅವರನ್ನೆಲ್ಲ ಒಮ್ಮೆ ಆಷಾಢದಲ್ಲಿ ಕೊಡಚಾದ್ರಿಗೆ ಕರೆದೊಯ್ಯಬೇಕು. ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಒಂದು ಹಳೆಯ ಕಬ್ಬಿಣದ ಕಂಬ ನಿಂತಿದೆ. ದೇವಿ ಮೂಕಾಸುರನನ್ನು ಕೊಂದ ತ್ರಿಶೂಲ ಅದು ಎನ್ನುವವರಿದ್ದಾರೆ. ಲೋಹವಿಜ್ಞಾನಿಗಳು ಬಂದು ಅದನ್ನೂ ಪರೀಕ್ಷಿಸಿದ್ದಾರೆ. ಮಲೆನಾಡಿನ ಜಡಿಮಳೆಯಲ್ಲಿ ನೆನೆಯುತ್ತ ನಿಂತ ಆ ಕಂಬದ ಎದುರು ಒಣಹವೆಯ ವಾದ ಸ್ವಲ್ಪ ಒದ್ದೆಯಾಗುತ್ತದೆ.

ಈಗ ಜಪಾನಿಗೆ ಬರೋಣ. ಮೆಹ್ರೌಲಿಯಿಂದ ಅಲ್ಲಿಗೆ ದಾರಿ ಇರುವುದು ಆ ಪೊರೆಯೊಳಗೇ. ಅದರಲ್ಲಿ ಬಾಲಸುಬ್ರಮಣ್ಯಂ ಗುರುತಿಸಿದ ಒಂದು ಸಂಯುಕ್ತಕ್ಕೆ ಮಿಸಾವೈಟ್ ಎಂದು ಹೆಸರು. ತುಕ್ಕಿನ ಬಗ್ಗೆಯೇ ಅಧ್ಯಯನ ಮಾಡಿದ ಜಪಾನೀ ವಿಜ್ಞಾನಿ ತೋಶಿಹೇಯಿ ಮಿಸಾವಾ ಅವರ ನೆನಪಿಗೆ ಇಟ್ಟದ್ದು. ಗುಪ್ತರ ಕಾಲದ ಕಂಬಕ್ಕೆ ಹೊದಿಕೆಯಾಗಿರುವ ವಸ್ತುವಿಗೆ ಜಪಾನಿನವರ ಹೆಸರು! ದಿಲ್ಲಿಯಲ್ಲಿ ಜಪಾನನ್ನು ಹುಡುಕಿಕೊಂಡು ಹೊರಟವರಿಗೆ ಜನ ಮೆಟ್ರೋಗೆ ಜಪಾನ್ ಕೊಟ್ಟ ಸಾಲದ ಕಡೆಗೋ ಗುರುಗ್ರಾಮದ ಮಾರುತಿ ಕಾರ್ಖಾನೆಯ ಕಡೆಗೋ ಕೈ ತೋರಿಸುತ್ತಾರೆ. ನಾನು ಈ ಅಂಗಳದಿಂದಲೇ ಶುರುಮಾಡುತ್ತೇನೆ.

ಜಪಾನಿನ ಪಶ್ಚಿಮ ಕರಾವಳಿಯ ಶಿಮಾನೆ ಪ್ರಾಂತ್ಯದಲ್ಲಿ ಯಸುಗಿ ಎಂಬ ಸಣ್ಣ ಊರಿದೆ. ಹಿಂದೆ ಒಳನಾಡಿನ ಬೆಟ್ಟಗಳಲ್ಲಿ ತಯಾರಾದ ಕಬ್ಬಿಣ ಹಡಗು ಏರುತ್ತಿದ್ದ ಬಂದರು. ಅಲ್ಲಿಯ ಹಳೆಯ ಪದ್ಧತಿಯ ಕಬ್ಬಿಣದ ಕುಲುಮೆಗೆ ತತಾರಾ ಎನ್ನುತ್ತಾರೆ. ಬೆಟ್ಟ ಕಡಿದು, ಮಣ್ಣನ್ನು ನೀರಿನ ಕಾಲುವೆಗೆ ಬಿಟ್ಟು, ತಳಕ್ಕೆ ಕೂತ ಕಪ್ಪು ಕಬ್ಬಿಣದ ಮರಳನ್ನು ಆರಿಸುತ್ತಿದ್ದರು. ಕಡಿದ ಬೆಟ್ಟದ ಜಾಗ ಆಮೇಲೆ ಮೆಟ್ಟಿಲು ಗದ್ದೆಯಾಯಿತು. ಇದ್ದಿಲಿಗೆ ಕಡಿದ ಕಾಡು ಮತ್ತೆ ಬೆಳೆಯುವವರೆಗೆ ಬೇರೆ ಕಾಡಿಗೆ ಹೋಗುತ್ತಿದ್ದರು. ಯೋಶಿದಾ ಎಂಬ ಹಳ್ಳಿಯ ಸುಗಾಯಾ ತತಾರಾ 1751ರಿಂದ 1921ರವರೆಗೆ ಉರಿಯಿತು. ಅದರ ಮನೆ, ಕೆಲಸಗಾರರ ಕೇರಿ ಈಗಲೂ ಹಾಗೇ ಇವೆ, ಹೋದವರಿಗೆ ತೋರಿಸುತ್ತಾರೆ.

ಅವರು ಅಲ್ಲಿಗೇ ನಿಲ್ಲಿಸಲಿಲ್ಲ. 1977ರಲ್ಲಿ ಒಕುಇಜುಮೊದ ಯೊಕೊತಾದಲ್ಲಿ ಒಂದು ತತಾರಾವನ್ನು ಮತ್ತೆ ಹೊತ್ತಿಸಿದರು. ಜಪಾನೀ ಕಲಾ ಖಡ್ಗಗಳ ಸಂರಕ್ಷಣಾ ಸಂಘ ಅದನ್ನು ನಡೆಸುತ್ತದೆ. ಪ್ರತಿ ಚಳಿಗಾಲದಲ್ಲಿ ಮಣ್ಣಿನ ಕುಲುಮೆ ಹೊಸದಾಗಿ ಕಟ್ಟುತ್ತಾರೆ. ಮೂರು ಹಗಲು ಮೂರು ರಾತ್ರಿ ಬಿಡದೆ ಉರಿಸುತ್ತಾರೆ. ಸುಮಾರು 10 ಟನ್ ಕಬ್ಬಿಣದ ಮರಳು, 12 ಟನ್ ಇದ್ದಿಲು ಒಳಗೆ ಹೋಗುತ್ತವೆ. ಕೊನೆಗೆ ಕುಲುಮೆಯನ್ನೇ ಒಡೆದು ಎರಡೂವರೆ ಟನ್ನಿನ ಆಸುಪಾಸಿನ ಗಟ್ಟಿಯನ್ನು ಹೊರಗೆಳೆಯುತ್ತಾರೆ. ಅದರೊಳಗಿನ ಒಳ್ಳೆಯ ಉಕ್ಕು ದೇಶದ ಖಡ್ಗ ಮಾಡುವ ಕಮ್ಮಾರರಿಗೆಲ್ಲ ಹಂಚಿಕೆಯಾಗುತ್ತದೆ. ಬೆಂಕಿಯ ಬಣ್ಣ ನೋಡಿ, ಸದ್ದು ಕೇಳಿ ಎಲ್ಲವನ್ನೂ ನಡೆಸುವ ಹಿರಿಯನನ್ನು ಮುರಗೆ ಎನ್ನುತ್ತಾರೆ. ಅವನ ಕೈಕೆಳಗೆ ಕಲಿಯುವವರು ಇದ್ದೇ ಇರುತ್ತಾರೆ. ಅವರ ಮರಳಿನಲ್ಲಿ ರಂಜಕ ತೀರಾ ಕಡಿಮೆ, ಖಡ್ಗ ಪುಡಿಯಾಗದಿರಲು ಅದೇ ಬೇಕು. ನಮ್ಮ ಕಂಬದಲ್ಲಿ ರಂಜಕ ಹೆಚ್ಚು, ಕಂಬ ಉಳಿಯಲು ಅದೇ ಕಾರಣ. ಹೊಡೆದಾಡುವ ಕಬ್ಬಿಣಕ್ಕೂ ನಿಲ್ಲುವ ಕಬ್ಬಿಣಕ್ಕೂ ಗುಣ ಬೇರೆ.

ನಮ್ಮಲ್ಲೂ ಈ ವಿದ್ಯೆ ತೀರಾ ಹಳೆಯ ಕಾಲದ್ದಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕಬ್ಬಿಣದ ಕುಲುಮೆಗಳನ್ನು, ಉಕ್ಕು ಮಾಡುವ ಮೂಸೆಗಳನ್ನು ಅಳತೆ ಸಮೇತ ಬರೆದಿಟ್ಟ. ಚನ್ನಪಟ್ಟಣದ ಉಕ್ಕಿನ ತಂತಿ ವಾದ್ಯಗಳಿಗೆ ಹೆಸರಾಗಿತ್ತು ಎಂದೂ ಬರೆದ. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕೆಲಸ ಶುರುಮಾಡಿದಾಗಲೂ ಮಲೆನಾಡಿನ ಮರದ ಇದ್ದಿಲಿನಿಂದಲೇ ಕಬ್ಬಿಣ ಕರಗಿಸುತ್ತಿದ್ದರು. ಹಳ್ಳಿಯ ಕುಲುಮೆಗಳು ಮಾತ್ರ ಅಷ್ಟರಲ್ಲಿ ಆರಿದ್ದವು.

ಕಬ್ಬಿಣ ಬಡಿಯುವವರು ದಿಲ್ಲಿಯಲ್ಲಿ ಇಲ್ಲವೇ? ಇದ್ದಾರೆ, ಫುಟ್‌ಪಾತಿನ ಮೇಲೆ. ದಿಲ್ಲಿಯ ಹಲವು ರಸ್ತೆಗಳ ಬದಿಯಲ್ಲಿ ತಗಡು, ಟಾರ್ಪಾಲಿನ ಮನೆಗಳ ಸಾಲು ಕಂಡರೆ, ಅದರ ಮುಂದೆ ಹಿತ್ತಾಳೆಯ ಹೂ ಬಡಿದ ಮರದ ಗಾಡಿ ನಿಂತಿದ್ದರೆ, ಅದು ಗಾಡಿಯಾ ಲೋಹಾರರ ಠಾವು. 1568ರಲ್ಲಿ ಚಿತ್ತೋಡ ಅಕ್ಬರನ ವಶವಾದಾಗ ತಮ್ಮ ಹಿರಿಯರು ಕೋಟೆ ಬಿಟ್ಟರು, ಚಿತ್ತೋಡ ಮರಳಿ ಸಿಗುವವರೆಗೆ ಮನೆ ಕಟ್ಟುವುದಿಲ್ಲ ಎಂದು ಶಪಥ ಮಾಡಿದರು ಎಂಬುದು ಅವರ ನಂಬಿಕೆ. 1955ರ ಏಪ್ರಿಲ್ 6ರಂದು ಪ್ರಧಾನಿ ನೆಹರೂ ಅವರೇ ಮುಂದೆ ನಿಂತು ಚಿತ್ತೋಡದ ಕೋಟೆಯೊಳಗೆ ಇವರನ್ನು ಕರೆದೊಯ್ದರು. ಶಪಥ ಮುಗಿಯಿತು. ಅಲೆದಾಟ ಮುಗಿಯಲಿಲ್ಲ.

ನಾನು ನಿಂತ ಕಡೆ ಗಂಡ ಚಿಮ್ಮಟದಲ್ಲಿ ಕೆಂಪು ಪಟ್ಟಿ ಹಿಡಿದಿದ್ದ. ಲಾರಿಯ ಹಳೆಯ ಕಮಾನ್ ಪಟ್ಟಿಯ ತುಂಡು. ಹೆಂಡತಿ ಎರಡೂ ಕೈಯಲ್ಲಿ ದೊಡ್ಡ ಸುತ್ತಿಗೆ ಎತ್ತಿ ಬಡಿಯುತ್ತಿದ್ದಳು. ಈ ಕುಲದಲ್ಲಿ ಭಾರದ ಸುತ್ತಿಗೆ ಹೆಂಗಸರದ್ದೇ. ತಿದಿಯ ಬದಲು ಕೈಯಿಂದ ತಿರುಗಿಸುವ ಪಂಖ, ಅದನ್ನು ತಿರುಗಿಸಲು ಹತ್ತು ವರ್ಷದ ಹುಡುಗಿ. ತವಾ, ಚಿಮಟಾ, ಗಾರೆ ಕೆಲಸದವರ ಉಳಿ, ಕೊಡಲಿ ಹರವಿಟ್ಟಿದ್ದರು. ಒಂದು ತವಾ ಕೊಂಡು, ಮೆಹ್ರೌಲಿಯ ಕಂಬ ನೋಡಿದ್ದೀರಾ ಎಂದು ಹಿಂದಿಯಲ್ಲಿ ಕೇಳಿದೆ. ಆಕೆ ಸೆರಗಿನಲ್ಲಿ ಬೆವರು ಒರೆಸಿಕೊಂಡು, ‘ಭಾಯಿಸಾಬ್, ಮಿನಾರ್ ದೂರದಿಂದ ನೋಡಿದ್ದೇವೆ. ಟಿಕೆಟ್ ತೆಗೆದು ಒಳಗೆ ಹೋಗಿ ಕಬ್ಬಿಣ ನೋಡೋದೇನು?’ ಎಂದಳು. ಗಂಡ ನಕ್ಕ. ಪಟ್ಟಿ ಆರುತ್ತಿತ್ತು, ಮತ್ತೆ ಬೆಂಕಿಗೆ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಇಂಡಿಯಾ ಗೇಟಿನ ಬಳಿಯ ಜೈಪುರ ಹೌಸಿಗೆ ಬನ್ನಿ. 1954ರಿಂದ ಇದು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಇಲ್ಲಿಗೆ ಜಪಾನೀ ಚಿತ್ರ ನೋಡಲು ಬರಬೇಕಾಗಿಲ್ಲ, ಜಪಾನು ನಮ್ಮ ಚಿತ್ರಗಳೊಳಗೆ ಹೇಗೆ ಇಳಿಯಿತು ಎಂದು ನೋಡಲು ಬರಬೇಕು.

ಯಸುಗಿಯ ಹೆಸರನ್ನು ಮತ್ತೆ ಎತ್ತಬೇಕಾಗಿದೆ. ಆ ಊರಿನವರೇ ಆದ ಅದಾಚಿ ಜೆಂಕೋ ಎಂಬ ವ್ಯಾಪಾರಿ ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, 1970ರಲ್ಲಿ, ಅಲ್ಲೊಂದು ಕಲಾ ಸಂಗ್ರಹಾಲಯ ತೆರೆದರು. ಸುತ್ತ ದೊಡ್ಡ ತೋಟ. ತೋಟದೊಳಗೆ ಕಾಲಿಡುವಂತಿಲ್ಲ, ಕಿಟಕಿಯಿಂದ ಚಿತ್ರ ನೋಡಿದಂತೆ ನೋಡಬೇಕು. ಒಳಗೆ ಅವರು ಕೂಡಿಸಿದ್ದು ಮುಖ್ಯವಾಗಿ ಒಬ್ಬ ಕಲಾವಿದನ ಕೃತಿಗಳನ್ನು, ಸುಮಾರು 120. ಆತನ ಹೆಸರು ಯೊಕೊಯಾಮಾ ತೈಕಾನ್. ಇದೇ ತೈಕಾನ್ 1903ರಲ್ಲಿ ಗೆಳೆಯ ಹಿಶಿದಾ ಶುನ್ಸೋ ಜೊತೆ ಕಲ್ಕತ್ತೆಗೆ ಬಂದು ಠಾಕೂರರ ಮನೆತನದ ಆತಿಥ್ಯದಲ್ಲಿದ್ದ. ಅವನನ್ನು ಕಳಿಸಿದವನು, ಅವನಿಗೂ ಮುಂಚೆ ಇಲ್ಲಿಗೆ ಬಂದು ಹೋಗಿದ್ದ ಜಪಾನೀ ಕಲಾ ಚಿಂತಕ ಒಕಾಕುರಾ. ತೈಕಾನ್ ಅಗಲ ಕುಂಚದಲ್ಲಿ ಹಾಳೆಗೆ ನೀರು ಹಚ್ಚುವುದನ್ನು ನೋಡುತ್ತ ಕೂತಿದ್ದ ಅಬನೀಂದ್ರನಾಥ ಠಾಕೂರರು ಒಂದು ಹೆಜ್ಜೆ ಮುಂದೆ ಹೋಗಿ, ಬಣ್ಣ ಹಚ್ಚಿದ ಚಿತ್ರವನ್ನು ಹಾಳೆ ಸಮೇತ ನೀರಿನಲ್ಲಿ ಅದ್ದತೊಡಗಿದರು. ಅದ್ದುವುದು, ಒಣಗಿಸುವುದು, ಮತ್ತೆ ಬಣ್ಣ, ಮತ್ತೆ ನೀರು. ಗೆರೆ ಕರಗುತ್ತದೆ, ಬಣ್ಣ ಮಂಜಾಗುತ್ತದೆ. ಬಂಗಾಳ ಶೈಲಿಯ ವಾಷ್ ಚಿತ್ರಗಳು ಹುಟ್ಟಿದ್ದು ಹೀಗೆ.

ಅಬನೀಂದ್ರನಾಥರ ‘ಜರ್ನೀಸ್ ಎಂಡ್’ ಈ ಗ್ಯಾಲರಿಯ ಸಂಗ್ರಹದಲ್ಲಿದೆ. ಹೇರು ಹೊತ್ತ ಒಂಟೆ ಮೊಣಕಾಲೂರಿ ಕುಸಿದಿದೆ, ಹಿಂದೆ ಸಂಜೆಗೆಂಪು. ಪುಸ್ತಕಗಳಲ್ಲಿ ದೊಡ್ಡದಾಗಿ ಅಚ್ಚಾದ ಚಿತ್ರ ಎದುರಿಗೆ ಎಷ್ಟು ಪುಟ್ಟದು ಎಂದು ಅಚ್ಚರಿಯಾಗುತ್ತದೆ. ನಂದಲಾಲ್ ಬೋಸರ ಸಾವಿರಾರು ಕೃತಿಗಳೂ ಇದೇ ಗ್ಯಾಲರಿಯ ಸ್ವತ್ತು. ನಂದಲಾಲರು 1924ರಲ್ಲಿ ರವೀಂದ್ರರ ಜೊತೆ ಚೀನಾ, ಜಪಾನ್ ಸುತ್ತಿ ಬಂದವರು. ಒಂದೇ ಏಟಿಗೆ ಎಳೆದ ಮಸಿಯ ಗೆರೆಯಲ್ಲಿ ಒಂದು ಮೇಕೆ, ಒಂದು ಮರ ಎದ್ದು ನಿಲ್ಲುವಂತೆ ಮಾಡುತ್ತಿದ್ದರು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಅವರು ಬರೆದ ಪೋಸ್ಟರ್ ಚಿತ್ರಗಳಲ್ಲಿ ಡೋಲು ಬಾರಿಸುವವನ, ಬಡಗಿಯ, ಅಡುಗೆಯವಳ ಮೈಮಾಟವೆಲ್ಲ ನಾಲ್ಕೈದು ಗೆರೆಯಲ್ಲಿ ಮುಗಿಯುತ್ತದೆ. ಗೋಡೆಗೆ ಏರುವ ಚಿತ್ರಗಳು ಬದಲಾಗುತ್ತಿರುತ್ತವೆ, ಸಿಕ್ಕಿದ್ದನ್ನು ನೋಡಬೇಕು.

ಕನ್ನಡಿಗರು ಇಲ್ಲಿ ಸ್ವಲ್ಪ ಹೊತ್ತು ಹೆಚ್ಚು ನಿಲ್ಲಬೇಕು. ಮೈಸೂರಿನ ಮಹಾರಾಜರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅಬನೀಂದ್ರನಾಥರ ಶಿಷ್ಯರಾಗಿ, ನಂದಲಾಲರ ಸಹಪಾಠಿಯಾಗಿ ಈ ವಿದ್ಯೆ ಕಲಿತವರು ನಮ್ಮ ಕೆ. ವೆಂಕಟಪ್ಪ. ಅವರ ಉದಕಮಂಡಲದ ಜಲವರ್ಣಗಳಲ್ಲಿ ಕಣಿವೆಯ ಮಂಜು ಹಾಳೆಯಿಂದ ಎದ್ದು ಬರುವಂತಿರುತ್ತದೆ. ಗುರುವಿನ ದಾರಿ ಬಿಟ್ಟು ತಮ್ಮದೇ ದಾರಿ ಹಿಡಿದರು ನಿಜ, ಆದರೆ ನೀರನ್ನು ಅಷ್ಟು ನಂಬುವ ಕೈ ಅವರಿಗೆ ಠಾಕೂರರ ಜೋಡಾಸಾಂಕೋ ಮನೆಯ ಕಡೆಯಿಂದಲೇ ಬಂದದ್ದು ಎಂದು ನನ್ನ ಅನಿಸಿಕೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೂ ಯಸುಗಿಯ ಸಂಗ್ರಹಾಲಯಕ್ಕೂ ಹೀಗೊಂದು ನಂಟು.

ಹತ್ತಿರದ ಭೈರೋ ಮಾರ್ಗದಲ್ಲಿ ರಾಷ್ಟ್ರೀಯ ಕರಕುಶಲ ಸಂಗ್ರಹಾಲಯವಿದೆ. ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಕಟ್ಟಡ. ಅಂಗಳದಿಂದ ಅಂಗಳಕ್ಕೆ ದಾಟುತ್ತ ಹೋಗುವುದರಿಂದ ಕಾಲು ನೋಯುವುದಿಲ್ಲ. ಕನ್ನಡಿಗರ ಎದೆ ಝಲ್ಲೆನ್ನುವ ಒಂದು ಸಂಗ್ರಹ ಇಲ್ಲಿದೆ: ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಭೂತಗಳ ಮರದ ಮೂರ್ತಿಗಳು. ಊರಿನ ನಂದಿಕೇಶ್ವರ ಗುಡಿಯಲ್ಲಿ ಹೊಸ ಮೂರ್ತಿಗಳು ಬಂದಾಗ ಹಳೆಯವು ದಿಲ್ಲಿ ಸೇರಿದವು. ಕರಾವಳಿಯ ಮಳೆ, ದೀಪದ ಹೊಗೆ, ಕೋಲದ ರಾತ್ರಿಗಳನ್ನು ಕಂಡ ಕಣ್ಣುಗಳು ಈಗ ಟ್ಯೂಬ್‌ಲೈಟಿನಡಿ ಶಾಲಾ ಮಕ್ಕಳನ್ನು ನೋಡುತ್ತಿವೆ. ಕುಶಲಕರ್ಮಿಗಳೇ ಅಂಗಳದಲ್ಲಿ ಕೂತು ಕೆಲಸ ಮಾಡುವ, ಮಾರುವ ಪದ್ಧತಿ ಇಲ್ಲಿ ಬಹಳ ಕಾಲದಿಂದ ಇದೆ. ಕೈಕೆಲಸವನ್ನು ಕೈ ಸಮೇತ ತೋರಿಸುವ ಸಂಗ್ರಹಾಲಯ ಇದು.

ಯಸುಗಿಯ ಸಂಗ್ರಹಾಲಯದಂಥ ಜಪಾನೀ ತೋಟವನ್ನು ದಿಲ್ಲಿಯಲ್ಲಿ ಹುಡುಕುವವರಿಗೆ ಒಂದು ಎಚ್ಚರಿಕೆ ಕೊಡಬೇಕು. ರೋಹಿಣಿಯಲ್ಲಿ ಎಲ್ಲರ ಬಾಯಲ್ಲೂ ‘ಜಾಪನೀಸ್ ಪಾರ್ಕ್’ ಎಂದೇ ಓಡಾಡುವ ಒಂದು ದೊಡ್ಡ ಉದ್ಯಾನವಿದೆ. ಕಾಗದದ ಮೇಲಿನ ಹೆಸರು ಸ್ವರ್ಣ ಜಯಂತಿ ಪಾರ್ಕ್. ಕೆಂಪು ಮೆಟ್ರೋ ಮಾರ್ಗದಲ್ಲಿ ಅಷ್ಟು ದೂರ ಹೋಗಿ, ಕ್ಯೋಟೋ ಸಿಕ್ಕೀತು ಎಂದು ಒಳಹೊಕ್ಕರೆ ನಿರಾಶೆ ಖಂಡಿತ. ಕೆರೆ, ಹುಲ್ಲುಹಾಸು, ಬೆಳಗಿನ ನಡಿಗೆಯವರು, ಭಾನುವಾರದ ಪೂರಿ ಆಲೂ ಡಬ್ಬಿಗಳು. ಉತ್ತರ ದಿಲ್ಲಿಯ ಮಧ್ಯಮ ವರ್ಗ ಉಸಿರಾಡುವ ಜಾಗವಾಗಿ ಅದು ಬಲು ಚೆನ್ನ. ಜಪಾನು ಹೆಸರಿನಲ್ಲಷ್ಟೇ.

ಜಪಾನೀ ತೋಟದ ಗುಟ್ಟು ಸೇತುವೆಗೆ ಕೆಂಪು ಬಣ್ಣ ಬಳಿಯುವುದರಲ್ಲಿಲ್ಲ. ಎಲ್ಲವನ್ನೂ ಒಮ್ಮೆಗೇ ತೋರಿಸದೆ, ದಾರಿ ಬಳಸಿದಂತೆಲ್ಲ ಒಂದೊಂದೇ ನೋಟ ಬಿಚ್ಚುವುದರಲ್ಲಿದೆ. ಆ ದೃಷ್ಟಿಯಿಂದ ನನಗೆ ಹತ್ತಿರ ಎನಿಸಿದ್ದು ದಿಲ್ಲಿಯ ಕುರುಚಲು ಬೆಟ್ಟಸಾಲಾದ ರಿಡ್ಜ್ ಮೇಲಿನ ಬುದ್ಧ ಜಯಂತಿ ಪಾರ್ಕ್. ಬುದ್ಧನ ಪರಿನಿರ್ವಾಣದ 2,500ನೇ ವರ್ಷದ ನೆನಪಿಗೆ ಮಾಡಿದ್ದು. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಇಲ್ಲಿ ಬೋಧಿಯ ಸಸಿ ನೆಟ್ಟರು. 1993ರಲ್ಲಿ ಬುದ್ಧನ ಮೂರ್ತಿಯನ್ನು ದಲೈ ಲಾಮಾ ಅನಾವರಣ ಮಾಡಿದರು. ನೆಲದ ಏರಿಳಿತವನ್ನು ಸಮ ಮಾಡದೆ ಬಿಟ್ಟಿದ್ದಾರೆ, ಬಂಡೆಯನ್ನು ಬಂಡೆಯಾಗಿಯೇ ಇಟ್ಟಿದ್ದಾರೆ. ಅಷ್ಟು ಸಾಕು.

ಇದಕ್ಕೆ ಪೂರ್ತಿ ವಿರುದ್ಧ ಜಾತಿಯದು ಹುಮಾಯೂನನ ಗೋರಿಯ ಪಕ್ಕದ ಸುಂದರ್ ನರ್ಸರಿ. 90 ಎಕರೆ, ಆಗಾ ಖಾನ್ ಟ್ರಸ್ಟ್ ಹಲವು ವರ್ಷ ದುಡಿದು 2018ರಲ್ಲಿ ತೆರೆದದ್ದು. ಮೊಹಮ್ಮದ್ ಶಾಹೀರ್ ವಿನ್ಯಾಸ ಮಾಡಿದ ನಡುದಾರಿ ನೇರ. ನೀರು ನೇರ. ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿಯ ಗುಮ್ಮಟ ನೇರ ಕಣ್ಣಿಗೆ ಬೀಳುತ್ತದೆ. ಮುಚ್ಚಿಡುವುದಕ್ಕೆ ಏನೂ ಇಲ್ಲ ಎನ್ನುವ ಮೊಘಲ್ ಗತ್ತು ಅದು. ನೂರು ವರ್ಷಗಳ ಹಿಂದೆ ಹೊಸದಿಲ್ಲಿಯ ರಸ್ತೆಗಳಿಗೆ ಯಾವ ಮರ ಒಗ್ಗೀತು ಎಂದು ಪರೀಕ್ಷಿಸಲು ಬ್ರಿಟಿಷರು ಮಾಡಿಕೊಂಡಿದ್ದ ಸಸ್ಯಕ್ಷೇತ್ರ ಇದು. ಹಾಗಾಗಿ ಬೇರೆಲ್ಲೂ ಕಾಣದ ಮರಗಳು ಇಲ್ಲಿ ಸಿಗುತ್ತವೆ. ಒಂದು ಮೂಲೆಯಲ್ಲಿ ಬೋನ್ಸಾಯ್ ಗಿಡಗಳ ಮನೆಯೂ ಇದೆ. ಆಲವನ್ನು ತಟ್ಟೆಯಲ್ಲಿ ಬೆಳೆಸುವುದು ನನಗೆ ಎಂದೂ ಹಿಡಿಸಿದ್ದಿಲ್ಲ. ಬಿಳಲಿಗೆ ನೆಲ ಸಿಗದ ಆಲ ಆಲವೇ? ಆದರೂ ಆ ಗಿಡ ಸಾಕುವವರ ತಾಳ್ಮೆಗೆ ಕೈ ಮುಗಿಯಬೇಕು. ಲೋದಿ ಗಾರ್ಡನ್ನಿನಲ್ಲೂ ಬೋನ್ಸಾಯ್ ಪಾರ್ಕ್ ಇದೆ. ಅದರ ಪಕ್ಕದ ಲೋದಿ ಎಸ್ಟೇಟಿನಲ್ಲೇ ದಿಲ್ಲಿ ಕನ್ನಡ ಶಾಲೆ ಇರುವುದರಿಂದ, ಬಸ್ಸಿಗೆ ಕಾಯುವ ಮಕ್ಕಳ ಬಾಯಿಂದ ಹಿಂದಿಯ ನಡುವೆ ಒಂದೆರಡು ಕನ್ನಡ ಮಾತು ಕಿವಿಗೆ ಬೀಳುವುದೂ ಉಂಟು.

ಹೊತ್ತಿದ್ದರೆ ರಿಂಗ್ ರಸ್ತೆಯ ಇಂದ್ರಪ್ರಸ್ಥ ಪಾರ್ಕಿನ ಬಿಳಿಯ ವಿಶ್ವಶಾಂತಿ ಸ್ತೂಪಕ್ಕೂ ಹೋಗಿ ಬನ್ನಿ. ಗಾಂಧೀಜಿಯನ್ನು ವರ್ಧಾದಲ್ಲಿ ಕಂಡಿದ್ದ ಜಪಾನೀ ಭಿಕ್ಷು ನಿಚಿದಾತ್ಸು ಫುಜಿ ಅವರ ಪಂಥದವರು 2007ರಲ್ಲಿ ಕಟ್ಟಿ ಮುಗಿಸಿದ್ದು. ಎದುರಿಗೇ ವಾಹನಗಳ ಗದ್ದಲ. ಶಾಂತಿಗೆ ಇದಕ್ಕಿಂತ ಕಷ್ಟದ ಜಾಗ ಸಿಗಲಾರದು.

ಕಬ್ಬಿಣ, ಚಿತ್ರ, ತೋಟ ಮೂರೂ ಯಸುಗಿಯಂಥ ಸಣ್ಣ ಊರಿನಲ್ಲೂ ಅದರ ಸುತ್ತಲೂ ಇವೆ. ದಿಲ್ಲಿಯಲ್ಲೂ ಇವೆ, ಅದಕ್ಕಿಂತ ಹಳೆಯವು, ದೊಡ್ಡವು. ಅಲ್ಲಿ ಕುಲುಮೆಯನ್ನು ಉರಿಸಿ ತೋರಿಸುತ್ತಾರೆ, ಉರಿಸುವವನನ್ನು ಗೌರವದಿಂದ ಸಾಕುತ್ತಾರೆ. ಇಲ್ಲಿ ಕಂಬಕ್ಕೆ ಬೇಲಿ ಹಾಕಿದ್ದೇವೆ, ಬಡಿಯುವವರನ್ನು ಆಗಾಗ ರಸ್ತೆಬದಿಯಿಂದ ಎಬ್ಬಿಸುತ್ತೇವೆ. ಕಂಬದಿಂದ ನಾಲ್ಕು ಹೆಜ್ಜೆ ದೂರದ ಹುಲ್ಲಿನ ಮೇಲೆ ಒಂದು ಮಣ್ಣಿನ ಕುಲುಮೆ, ಒಂದು ಜೊತೆ ತಿದಿ, ಒಂದು ಅಡಿಗಲ್ಲು ಇಟ್ಟು, ಚಳಿಗಾಲದ ಭಾನುವಾರಗಳಲ್ಲಿ ಗಾಡಿಯಾ ಲೋಹಾರರ ಒಂದು ಕುಟುಂಬಕ್ಕೆ ಸಂಬಳ ಕೊಟ್ಟು ಕಬ್ಬಿಣ ಬಡಿಸಿದರೆ ಖರ್ಚು ಎಷ್ಟಾದೀತು? ಮಿನಾರಿಗೆ ರಾತ್ರಿ ಹಾಕುವ ದೀಪದ ಬಿಲ್ಲಿಗಿಂತ ಹೆಚ್ಚಾಗಲಾರದು. ಕಂಬದ ಹೊಣೆ ಹೊತ್ತವರು ಇದನ್ನು ಯೋಚಿಸಬೇಕು.

ಕರ್ನಾಟಕ ಭವನದಲ್ಲೋ ನೆಂಟರ ಮನೆಯಲ್ಲೋ ಇಳಿದುಕೊಂಡು ದಿಲ್ಲಿ ನೋಡಲು ಹೊರಡುವವರಿಗೆ ಕೊನೆಯದಾಗಿ ಒಂದು ಮಾತು. ಸೋಮವಾರ ಈ ಸುತ್ತು ಹಾಕಬೇಡಿ, ಜೈಪುರ ಹೌಸೂ ಕರಕುಶಲ ಸಂಗ್ರಹಾಲಯವೂ ಮುಚ್ಚಿರುತ್ತವೆ. ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ, ಸುಂದರ್ ನರ್ಸರಿಯಲ್ಲಿ ಆಗ ಹೂವಿರುತ್ತದೆ. ಕುತುಬ್ ಮಿನಾರ್ ಎಂಬ ಮೆಟ್ರೋ ನಿಲ್ದಾಣ ಮಿನಾರಿನ ಬಾಗಿಲಲ್ಲಿಲ್ಲ, ಅಲ್ಲಿಂದ ಆಟೋ ಹಿಡಿಯಬೇಕು. ದಾರಿಯಲ್ಲಿ ಲೋಹಾರರ ಅಂಗಡಿ ಕಂಡರೆ ಚೌಕಾಶಿ ಮಾಡದೆ ಒಂದು ತವಾ ಕೊಳ್ಳಿ.